ಹದಿನಾಲ್ಕು ಅಂಕ ಹಿಂದಿದ್ದರೆ ಮಲಗಲು ಹೋಗಬಹುದೇ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಗಣಿತ ಅಧ್ಯಾಪಕ. 2025ರಲ್ಲಿ ಯುಗಾದಿ ಮುಗಿಸಿಕೊಂಡು ಹೂಸ್ಟನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನು ಓದಿದ್ದು ಅಲ್ಲಿಯ ಹೂಸ್ಟನ್ ವಿಶ್ವವಿದ್ಯಾಲಯದಲ್ಲಿ. ಏಪ್ರಿಲ್ 5ರ ರಾತ್ರಿ ಅವನ ಕಾಲೇಜಿಗೂ ಡ್ಯೂಕ್ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಸೆಮಿಫೈನಲ್ ನಡೆಯಿತು. ಎಂಟು ನಿಮಿಷ ಉಳಿದಿದ್ದಾಗ ಹೂಸ್ಟನ್ 14 ಅಂಕ ಹಿಂದಿತ್ತು. ಇನ್ನೇನಿದೆ ಎಂದು ಮಲಗಲು ಹೋದೆ. ಸ್ವಲ್ಪ ಹೊತ್ತಿನಲ್ಲೇ ಕೂಗಾಟ ಕೇಳಿ ಎದ್ದು ಬಂದರೆ ಮಗ, ಸೊಸೆ ಇಬ್ಬರೂ ಅಳುತ್ತಿದ್ದರು. ಸೋತರಲ್ಲ ಎಂದು ಸಮಾಧಾನ ಹೇಳಹೊರಟರೆ, ಗೆದ್ದಿದ್ದರು! ಇಷ್ಟು ಕಡಿಮೆ ಸಮಯದಲ್ಲಿ ಇದು ಹೇಗೆ ಸಾಧ್ಯ? ಮೊದಲೇ ಮಾತಾಡಿಕೊಂಡದ್ದಿರಬಹುದೇ? ಸೋಲುತ್ತಿರುವವರು ಬೇಕೆಂದೇ ಫೌಲ್ ಮಾಡುವುದು ಯಾವ ನ್ಯಾಯ? ಮತ್ತೆ, ಗೆದ್ದವರು ಅಳುವುದೇಕೆ?

ಉತ್ತರ: ಮೇಷ್ಟರೇ, ಆ ರಾತ್ರಿ ಮಲಗಲು ಹೋದವರನ್ನೆಲ್ಲ ನಿಲ್ಲಿಸಿದರೆ ನಿಮ್ಮ ಹಿಂದೆ ದೊಡ್ಡ ಸಾಲೇ ಆದೀತು. ನಾನು ಆ ಸಾಲಿನಲ್ಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ; ಇಲ್ಲಿ ಆಗ ಭಾನುವಾರ ಬೆಳಗ್ಗೆ. ರಾಮನವಮಿ ಬೇರೆ. ಅಡುಗೆಮನೆಯಲ್ಲಿ ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದರು, ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಡುವ ನೆವದಲ್ಲಿ ಮೊಬೈಲ್ ಮುಂದಿಟ್ಟುಕೊಂಡು ಕೂತಿದ್ದೆ. ಹದಿನಾಲ್ಕು ಅಂಕದ ಅಂತರ ಕಂಡಾಗಲೂ ಎದ್ದುಹೋಗಲಿಲ್ಲ. ಅದಕ್ಕೆ ಎರಡು ಕಾರಣ: ಒಂದು ಲೆಕ್ಕ, ಇನ್ನೊಂದು ಹಳೆಯ ಗಾಯ. ನೀವು ಗಣಿತದವರಾದ್ದರಿಂದ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ಬೇಸ್‌ಬಾಲ್ ಅಂಕಿಅಂಶಗಳಿಗೆ ಹೆಸರಾದ ಬಿಲ್ ಜೇಮ್ಸ್ ಎಂಬವರು 2008ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲಿಗೆಂದು ಒಂದು ಸೂತ್ರ ಕೊಟ್ಟರು. ಮುನ್ನಡೆಯ ಅಂಕಗಳಿಂದ 3 ಕಳೆಯಿರಿ. ಮುಂದಿರುವ ತಂಡದ ಕೈಯಲ್ಲೇ ಚೆಂಡಿದ್ದರೆ ಅರ್ಧ ಕೂಡಿಸಿ, ಎದುರಾಳಿಗಳ ಕೈಯಲ್ಲಿದ್ದರೆ ಅರ್ಧ ಕಳೆಯಿರಿ. ಬಂದ ಸಂಖ್ಯೆಯ ವರ್ಗ ತೆಗೆಯಿರಿ. ಅದು ಉಳಿದಿರುವ ಸೆಕೆಂಡುಗಳಿಗಿಂತ ಹೆಚ್ಚಿದ್ದರೆ ಮುನ್ನಡೆ ಭದ್ರ, ಟಿವಿ ಆರಿಸಬಹುದು. ವರ್ಗ ಏಕೆ ಬಂತು ಎಂಬುದು ನಿಮಗೆ ಹೊಳೆದಿರುತ್ತದೆ. ಸರಿಸುಮಾರು ಸಮಬಲದ ಎರಡು ತಂಡಗಳ ನಡುವಿನ ಅಂತರ ಕುಡುಕನ ನಡಿಗೆಯಂತೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಓಲಾಡುತ್ತದೆ; ಆ ಓಲಾಟದ ವ್ಯಾಪ್ತಿ ಸಮಯದ ವರ್ಗಮೂಲಕ್ಕೆ ತಕ್ಕಂತೆ ಹಿಗ್ಗುತ್ತದೆ.

ನಿಮ್ಮ ಪಂದ್ಯಕ್ಕೆ ಇದನ್ನು ಹಚ್ಚಿ ನೋಡಿ. ಹದಿನಾಲ್ಕರಲ್ಲಿ ಮೂರು ಹೋದರೆ ಹನ್ನೊಂದು. ಅರ್ಧ ಕೂಡಿಸಿದರೂ ವರ್ಗ 133 ಮುಟ್ಟುವುದಿಲ್ಲ. ಎಂಟು ನಿಮಿಷವೆಂದರೆ 480 ಸೆಕೆಂಡು. ಅಂದರೆ ಡ್ಯೂಕ್ ಭದ್ರತೆಯ ಹತ್ತಿರಕ್ಕೂ ಬಂದಿರಲಿಲ್ಲ. ಆ ಹೊತ್ತಿನಲ್ಲಿ ನೆಮ್ಮದಿಯಾಗಿ ಮಲಗಬೇಕಾದರೆ ಅಂತರ ಇಪ್ಪತ್ತೈದರ ಆಸುಪಾಸು ಇರಬೇಕಿತ್ತು. ಭದ್ರವಲ್ಲ ಎಂದ ಮಾತ್ರಕ್ಕೆ ಹೂಸ್ಟನ್ ಗೆಲ್ಲುವ ಸಂಭವ ಹೆಚ್ಚಿತ್ತು ಎಂದಲ್ಲ. ಇಂಥ ಪಂದ್ಯಗಳಲ್ಲಿ ಬಹುಪಾಲು ಮುಂದಿದ್ದವರದೇ ಆಗುತ್ತವೆ, ಮಲಗಲು ಹೋದವರ ನಿದ್ದೆ ಕೆಡುವುದಿಲ್ಲ. ಬಾಗಿಲು ಮುಚ್ಚಿತ್ತು, ಅಗುಳಿ ಹಾಕಿರಲಿಲ್ಲ, ಅಷ್ಟೇ.

ಈಗ ನೀವು ಕಳೆದುಕೊಂಡದ್ದನ್ನು ಹೇಳಿಬಿಡುತ್ತೇನೆ. ಆ ಎಂಟು ನಿಮಿಷದಲ್ಲಿ ಹೂಸ್ಟನ್ ಬಿರುಗಾಳಿಯಂತೆ ಅಂಕ ಗಳಿಸಿತು ಎಂದು ನೀವು ಊಹಿಸಿಕೊಂಡಿರಬಹುದು. ಹಾಗಾಗಲಿಲ್ಲ. ಡ್ಯೂಕ್ ಒಣಗಿತು. ಕೊನೆಯ ಹತ್ತು ನಿಮಿಷಗಳಲ್ಲಿ, ಫ್ರೀ ಥ್ರೋಗಳನ್ನು (ಎದುರಾಳಿಯ ಫೌಲಿಗೆ ಪರಿಹಾರವಾಗಿ ಸಿಗುವ, ಅಡ್ಡಿಯಿಲ್ಲದ ಒಂದಂಕದ ಎಸೆತಗಳನ್ನು) ಬಿಟ್ಟರೆ, ಅವರು ಬುಟ್ಟಿಗೆ ಚೆಂಡು ಹಾಕಿದ್ದು ಒಂದೇ ಒಂದು ಸಲ. ಕೆಲ್ವಿನ್ ಸ್ಯಾಂಪ್ಸನ್ ತರಬೇತಿಯ ಹೂಸ್ಟನ್ ತಂಡಕ್ಕೆ ರಕ್ಷಣೆಯೇ ಕುಲದೈವ. ಎದುರಾಳಿಯ ಉಸಿರು ಕುತ್ತಿಗೆಗೆ ತಾಗುವಷ್ಟು ಹತ್ತಿರ ನಿಂತು ಆಡುತ್ತಾರೆ. ಆದರೂ ಸುಮಾರು 35 ಸೆಕೆಂಡು ಉಳಿದಿದ್ದಾಗ ಡ್ಯೂಕ್ 67-61ರಿಂದ ಮುಂದಿತ್ತು. ಆಗ ಎಮ್ಯಾನುಯೆಲ್ ಶಾರ್ಪ್ ದೂರದಿಂದ ಎಸೆದು ಮೂರಂಕ ಗಳಿಸಿದ. ಗೆರೆಯಾಚೆಯಿಂದ ಡ್ಯೂಕ್ ಒಳಗೆಸೆದ ಚೆಂಡನ್ನು ಹೂಸ್ಟನ್‌ನವರು ಕಸಿದರು. ಮತ್ತೊಂದು ಮೂರಂಕದ ಯತ್ನ ತಪ್ಪಿದರೂ ಜೋಸೆಫ್ ಟಗ್ಲರ್ ಮೇಲೆಯೇ ಹಿಡಿದು ಬುಟ್ಟಿಗೆ ತುರುಕಿದ. 67-66. ಡ್ಯೂಕ್‌ನ ಟೈರೀಸ್ ಪ್ರಾಕ್ಟರ್‌ಗೆ ಫ್ರೀ ಥ್ರೋ ಸಿಕ್ಕಿತು, ಮೊದಲನೆಯದೇ ತಪ್ಪಿತು. ಪುಟಿದು ಬಂದ ಚೆಂಡಿಗೆ ಜಿಗಿದ ಜೆವಾನ್ ರಾಬರ್ಟ್ಸ್‌ನ ಬೆನ್ನ ಮೇಲಿನಿಂದ ಕೈಹಾಕಿ ಕೂಪರ್ ಫ್ಲ್ಯಾಗ್ ಫೌಲ್ ಮಾಡಿದ. ಆ ವರ್ಷ ಇಡೀ ಅಮೆರಿಕದ ಕಾಲೇಜು ಆಟದಲ್ಲಿ ಅವನಷ್ಟು ಹೆಸರು ಮಾಡಿದವರು ಇನ್ನೊಬ್ಬರಿರಲಿಲ್ಲ. ರಾಬರ್ಟ್ಸ್ ಎರಡೂ ಎಸೆತ ಹಾಕಿದ. 68-67. ಕೊನೆಗೆ ಫ್ಲ್ಯಾಗ್‌ನ ಎಸೆತ ತಪ್ಪಿತು, ಅವನೆದುರು ಕೈ ಎತ್ತಿ ನಿಂತವನೂ ಅದೇ ರಾಬರ್ಟ್ಸ್. ಅಂತಿಮವಾಗಿ 70-67.

ಕೊನೆಯ ಒಂಬತ್ತು ಅಂಕಗಳೂ ಹೂಸ್ಟನ್‌ನವು. ಗಡಿಯಾರದಲ್ಲಿ ಅರ್ಧ ನಿಮಿಷದ ಮಾತು. ನನ್ನ ಸೌತೆಕಾಯಿ ಅರ್ಧಕ್ಕೇ ನಿಂತಿತ್ತು, ಒಳಗಿನಿಂದ ಎರಡು ಸಲ ಕೂಗು ಬಂದಿತ್ತು.

ಫೌಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅರ್ಥವಾಗಬೇಕಾದರೆ ಕಬಡ್ಡಿಯನ್ನು ನೆನೆಸಿಕೊಳ್ಳಿ. ಕೊನೆಯ ನಿಮಿಷಗಳಲ್ಲಿ ಮುಂದಿರುವ ತಂಡದ ದಾಳಿಗಾರ ಏನು ಮಾಡುತ್ತಾನೆ? ನಡುಗೆರೆ ದಾಟಿ, ಯಾರನ್ನೂ ಮುಟ್ಟುವ ಗೋಜಿಗೆ ಹೋಗದೆ, ಮೂವತ್ತು ಸೆಕೆಂಡು ಅತ್ತಿತ್ತ ಕುಣಿದು ವಾಪಸು ಬರುತ್ತಾನೆ. ಕೆಲಸ ಒಂದೇ, ಹೊತ್ತು ತಿನ್ನುವುದು. ಇದಕ್ಕೆ ಮದ್ದಾಗಿಯೇ ಎರಡು ದಾಳಿ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ ಎಂಬ ನಿಯಮ ಬಂತು. ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲೂ ಇದೇ ಕಥೆ. 1985-86ರ ಋತುವಿನವರೆಗೆ ಅಲ್ಲಿ ಎಲ್ಲರಿಗೂ ಅನ್ವಯವಾಗುವ ಶಾಟ್ ಕ್ಲಾಕ್, ಅಂದರೆ ಇಂತಿಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಮಿತಿ, ಇರಲಿಲ್ಲ; ಮುಂದಿದ್ದವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ನಿಮಿಷಗಟ್ಟಲೆ ಕಳೆಯಬಹುದಿತ್ತು. ಮೊದಲು 45 ಸೆಕೆಂಡಿನ ಮಿತಿ ಬಂತು, 1993ರಲ್ಲಿ ಅದು 35 ಆಯಿತು, 2015ರಿಂದ 30. ಕಬಡ್ಡಿ ದಾಳಿಯ ಅವಧಿಯೂ ಅಷ್ಟೇ ಎಂಬುದು ಕಾಕತಾಳೀಯ, ಆದರೆ ನನಗೆ ಇಷ್ಟವಾದ ಕಾಕತಾಳೀಯ.

ಆದರೂ ಮುಂದಿದ್ದವರು 30 ಸೆಕೆಂಡು ತಿನ್ನಬಹುದಲ್ಲ. ಕೊನೆಯ ನಿಮಿಷದಲ್ಲಿ ಅಷ್ಟೇ ಸಾಕು ಪಂದ್ಯ ಮುಗಿಯಲು. ಅದಕ್ಕೇ ಹಿಂದಿದ್ದವರು ಫೌಲ್ ಮಾಡುತ್ತಾರೆ. ಫೌಲ್ ಆದೊಡನೆ ಗಡಿಯಾರ ನಿಲ್ಲುತ್ತದೆ, ಎದುರಾಳಿ ಫ್ರೀ ಥ್ರೋ ಎಸೆಯುತ್ತಾನೆ, ಚೆಂಡು ಇವರಿಗೆ ಬರುತ್ತದೆ. ಅಂಕ ಕೊಟ್ಟು ಸಮಯ ಕೊಂಡುಕೊಳ್ಳುವ ವ್ಯಾಪಾರ ಇದು. ನಷ್ಟದ ವ್ಯಾಪಾರವೇ, ಅದರಲ್ಲಿ ಅನುಮಾನ ಬೇಡ. ನೂರಕ್ಕೆ ಎಪ್ಪತ್ತು ಹಾಕುವವನಿಗೆ ಎರಡು ಎಸೆತ ಕೊಟ್ಟರೆ ಸರಾಸರಿ 1.4 ಅಂಕ ಹೋಗುತ್ತದೆ. ನೂರಕ್ಕೆ ಮೂವತ್ತೈದು ತಾಗುವ ಮೂರಂಕದ ಎಸೆತದಿಂದ ಮರಳಿ ಬರುವುದು 1.05 ಮಾತ್ರ. ಆದರೆ ಸೋಲು ಹೇಗೂ ಖಚಿತವಿರುವಾಗ ಸರಾಸರಿಯಿಂದ ಏನಾಗಬೇಕಿದೆ? ಬೇಕಾದದ್ದು ಇನ್ನಷ್ಟು ಸರದಿಗಳು, ಇನ್ನಷ್ಟು ಓಲಾಟ.

ಇದರ ಮೇಲೆ ಪುರುಷರ ಕಾಲೇಜು ಆಟದಲ್ಲಿ ಉಳಿದುಕೊಂಡಿರುವ ಒಂದು ವಿಚಿತ್ರ ನಿಯಮವಿದೆ. ಒಂದು ಅವಧಿಯಲ್ಲಿ ತಂಡವೊಂದು ಏಳನೆಯ ಫೌಲ್ ಮಾಡಿದಾಗಿನಿಂದ ಎದುರಾಳಿಗೆ ‘ಒನ್ ಅಂಡ್ ಒನ್’ ಸಿಗುತ್ತದೆ: ಮೊದಲನೆಯದನ್ನು ಹಾಕಿದರೆ ಮಾತ್ರ ಎರಡನೆಯ ಎಸೆತ. ತಪ್ಪಿದರೆ ಅಲ್ಲಿಗೇ ಮುಗಿಯಿತು, ಚೆಂಡು ಯಾರ ಕೈಗೆ ಬೀಳುತ್ತದೋ ಅವರದು. ಹತ್ತನೆಯ ಫೌಲಿನಿಂದ ಮುಂದೆ ಎರಡು ಎಸೆತ ಖಾತ್ರಿ. ಪ್ರಾಕ್ಟರ್ ತಪ್ಪಿಸಿದ್ದು ಒನ್ ಅಂಡ್ ಒನ್‌ನ ಮೊದಲ ಎಸೆತವನ್ನು. ಎರಡನೆಯದು ಅವನಿಗೆ ಸಿಗಲೇ ಇಲ್ಲ. ಅದೇ ಎಪ್ಪತ್ತರ ಆಟಗಾರನಿಗೆ ಒನ್ ಅಂಡ್ ಒನ್‌ನಲ್ಲಿ ಬರುವ ಸರಾಸರಿ 1.19ಕ್ಕೆ ಇಳಿಯುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ಕಿವಿಗಡಚಿಕ್ಕುವ ಗದ್ದಲ, ಹದಿನೈದು ಅಡಿ ದೂರದ ಬುಟ್ಟಿ, ಅಡ್ಡ ನಿಲ್ಲುವವರು ಯಾರೂ ಇಲ್ಲ. ಆಟದಲ್ಲಿ ಅದಕ್ಕಿಂತ ಸುಲಭದ ಎಸೆತವಿಲ್ಲ, ಆ ಹೊತ್ತಿನಲ್ಲಿ ಅದಕ್ಕಿಂತ ಕಷ್ಟದ್ದೂ ಇಲ್ಲ.

ನ್ಯಾಯವೇ ಎಂದಿರಿ. ಚೆಂಡಿಗೆ ಕೈಹಾಕುವ ಯತ್ನವೇ ಇಲ್ಲದೆ ಆಟಗಾರನನ್ನು ಹಿಡಿದೆಳೆದರೆ ಎದುರಾಳಿಗೆ ಎರಡು ಎಸೆತದ ಜತೆಗೆ ಚೆಂಡೂ ಹೋಗುತ್ತದೆ, ಐದು ಫೌಲ್ ಆದವನು ಹೊರಗೆ ಕೂರಬೇಕು. ಅಷ್ಟು ಬೆಲೆ ಕಟ್ಟಿ ನಿಯಮವೇ ಅನುಮತಿಸಿದ ಮೇಲೆ ಅದು ಮೋಸವಲ್ಲ, ತಂತ್ರ. ನೋಡಲು ಚೆನ್ನಾಗಿದೆಯೇ ಎಂದು ಕೇಳಿದರೆ, ಇಲ್ಲ.

ಇನ್ನು ಮಗ, ಸೊಸೆ ಅತ್ತದ್ದು. ಇದಕ್ಕೆ 1983ಕ್ಕೆ ಹೋಗಬೇಕು. ಆ ವರ್ಷ ಹೂಸ್ಟನ್ ತಂಡದಲ್ಲಿ ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್‌ಲರ್ ಇಬ್ಬರೂ ಇದ್ದರು. ಮುಂದೆ ವಿಶ್ವಖ್ಯಾತಿ ಪಡೆದವರು. ಫೈನಲ್‌ನಲ್ಲಿ ಎದುರಿಗಿದ್ದುದು ಜಿಮ್ ವಲ್ವಾನೋ ತರಬೇತಿಯ ನಾರ್ತ್ ಕರೊಲೈನಾ ಸ್ಟೇಟ್. ಅವರು ಗೆಲ್ಲುತ್ತಾರೆ ಎಂದವರು ಬೆರಳೆಣಿಕೆಯಷ್ಟು. ಪಂದ್ಯ ನಡೆದದ್ದು ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿರುವ ಆಲ್ಬುಕರ್ಕಿಯಲ್ಲಿ, ಅಲ್ಲಿ ಉಸಿರು ಬೇಗ ಸೋಲುತ್ತದೆ. ದ್ವಿತೀಯಾರ್ಧದ ಆರಂಭದಲ್ಲಿ ಹೂಸ್ಟನ್ ಅಬ್ಬರಿಸಿ 42-35ಕ್ಕೆ ಏರಿತು. ಒಲಾಜುವಾನ್ ಬಳಲಿದ್ದ. ಆಗ ಹೂಸ್ಟನ್ ಕೋಚ್ ಆಟದ ವೇಗ ಇಳಿಸಿ ಎಂದರು. ಶಾಟ್ ಕ್ಲಾಕ್ ಇಲ್ಲದ ಕಾಲ, ಸಲಹೆ ಅಂದಿಗೆ ವಿವೇಕದ್ದೇ. ಏಳು ಅಂಕದಲ್ಲಿ ಮೂರು ಕಳೆದು ವರ್ಗ ಮಾಡಿ: 16 ಸೆಕೆಂಡು. ಉಳಿದಿದ್ದವು ನಿಮಿಷಗಳು.

ಓಡುತ್ತ ಹಾರುತ್ತ ಆಡಿ ಗೆದ್ದುಬಂದ ತಂಡಕ್ಕೆ ನಿಂತು ಆಡುವುದು ಒಗ್ಗಲಿಲ್ಲ. ವಲ್ವಾನೋ ಫೌಲ್ ಮಾಡಿಸತೊಡಗಿದರು, ಹೂಸ್ಟನ್ ಫ್ರೀ ಥ್ರೋ ತಪ್ಪಿಸತೊಡಗಿತು. 52-52 ಆದಾಗ ಹೂಸ್ಟನ್‌ಗೆ ಸಿಕ್ಕಿದ್ದು ಒನ್ ಅಂಡ್ ಒನ್, ಮೊದಲ ಎಸೆತವೇ ತಪ್ಪಿತು. ಕೊನೆಯ ಕ್ಷಣದಲ್ಲಿ ಎದುರಾಳಿಗಳು ದೂರದಿಂದ ಎಸೆದ ಚೆಂಡು ಬುಟ್ಟಿಯ ಕಬ್ಬಿಣವನ್ನೂ ಮುಟ್ಟಲಿಲ್ಲ. ಅದು ಕೆಳಗಿಳಿಯುತ್ತಿದ್ದಂತೆ ಲೊರೆಂಜೊ ಚಾರ್ಲ್ಸ್ ಹಿಡಿದು ಬುಟ್ಟಿಗಿಳಿಸಿದ. 54-52. ಅಮೆರಿಕದವರು ಪ್ರತಿ ಮಾರ್ಚಿನಲ್ಲೂ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಉಳಿದವರಿಗೆ ಅದು ಹಬ್ಬ, ಹೂಸ್ಟನ್‌ನವರಿಗೆ ವರ್ಷಾಬ್ದಿಕ. ಮರುವರ್ಷವೂ ಫೈನಲ್ ತಲುಪಿ ಸೋತರು, ಆ ಬಳಿಕವೂ ಪ್ರಶಸ್ತಿ ಅವರಿಗೆ ದಕ್ಕಿರಲಿಲ್ಲ. ನಲವತ್ತೆರಡು ವರ್ಷಗಳ ಮೇಲೆ ಅದೇ ಒನ್ ಅಂಡ್ ಒನ್ ಈ ಬಾರಿ ಎದುರಾಳಿಯ ಕೈಯಲ್ಲಿ ತಪ್ಪಿತಲ್ಲ, ನಿಮ್ಮ ಮಗ ಅತ್ತದ್ದು ಅದಕ್ಕೆ. ಸೊಸೆ ಅತ್ತದ್ದು ಬಹುಶಃ ಮಗನನ್ನು ನೋಡಿ.

ಈಗ ನನ್ನ ಗಾಯ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜು ಹುಡುಗರಿಗೆ ಈ ಆಟ ಕಲಿಸಿದವನು ನಾನು. ಒಮ್ಮೆ ಅಂತರ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಮೂರು ನಿಮಿಷ ಉಳಿದಿದ್ದಾಗ ನಮ್ಮವರು ಒಂಬತ್ತು ಅಂಕ ಮುಂದಿದ್ದರು. ಟೈಮ್‌ಔಟ್ ತೆಗೆದುಕೊಂಡು ನಾನು ಹೇಳಿದ್ದು ಒಂದೇ ಮಾತು: ‘ಇನ್ನು ಹುಷಾರಾಗಿ ಆಡಿ.’ ಅಲ್ಲಿಯವರೆಗೆ ಬುಟ್ಟಿ ನೋಡುತ್ತಿದ್ದ ಹುಡುಗರು ಆಮೇಲೆ ಗಡಿಯಾರ ನೋಡತೊಡಗಿದರು. ಚೆಂಡು ಕೈಗೆ ಬಂದರೆ ಕೆಂಡ ಬಂದಂತೆ ಪಕ್ಕದವನಿಗೆ ದಾಟಿಸಿದರು. ಎರಡು ಅಂಕಗಳಿಂದ ಸೋತೆವು. ಡ್ರೆಸ್ಸಿಂಗ್ ಕೋಣೆಯಲ್ಲಿ ನಮ್ಮ ನಾಯಕ ಬೂಟಿನ ದಾರ ಬಿಚ್ಚುತ್ತ, ತಲೆ ಎತ್ತದೆ, ‘ಹುಷಾರಾಗಿಯೇ ಆಡಿದೆವಲ್ಲ ಸರ್’ ಎಂದ. ಆ ಮಾತಿಗೆ ಉತ್ತರ ಕೊಡಲು ಇಂದಿಗೂ ಆಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ವಲ್ಪ ವಕ್ರವಾಗಿಯೇ ಇದೆ. ಹಿಂದಿನಿಂದ ಬಂದು ಗೆದ್ದವರ ಎದೆಗಾರಿಕೆಯನ್ನು ಪತ್ರಿಕೆಗಳು ಹೊಗಳುತ್ತವೆ, ಗೆದ್ದೆತ್ತಿನ ಬಾಲ ಹಿಡಿಯುವುದು ಎಲ್ಲ ದೇಶದಲ್ಲೂ ಇದ್ದದ್ದೇ. ನನ್ನ ಕಣ್ಣು ಮುಂದಿದ್ದವರ ಮೇಲೆ ಇರುತ್ತದೆ. ಅವರು ಎದುರಾಳಿಯೊಡನೆ ಆಡುವುದನ್ನು ಬಿಟ್ಟು ಗಡಿಯಾರದೊಡನೆ ಆಡತೊಡಗುವ ಒಂದು ಗಳಿಗೆ ಇರುತ್ತದೆ. ಅದು ಕಂಡರೆ ನಾನು ಕುರ್ಚಿಯ ಅಂಚಿಗೆ ಬರುತ್ತೇನೆ. 1963ರ ಫೈನಲ್‌ನಲ್ಲಿ ಹಿಂದಿನ ಎರಡೂ ವರ್ಷ ಪ್ರಶಸ್ತಿ ಗೆದ್ದಿದ್ದ ಸಿನ್ಸಿನಾಟಿ 15 ಅಂಕ ಮುಂದಿದ್ದು ಆಟ ನಿಧಾನಿಸಿತು; ಷಿಕಾಗೊದ ಲೊಯೊಲಾ ಕಾಲೇಜಿನ ಐವರು ಒಬ್ಬ ಬದಲಿ ಆಟಗಾರನೂ ಇಲ್ಲದೆ, ಹೆಚ್ಚುವರಿ ಅವಧಿ ಸೇರಿ 45 ನಿಮಿಷ ಆಡಿ 60-58ರಿಂದ ಗೆದ್ದರು. 2008ರ ಫೈನಲ್‌ನಲ್ಲಿ ಮೆಂಫಿಸ್ ಎರಡು ನಿಮಿಷ ಚಿಲ್ಲರೆ ಇರುವಾಗ 9 ಅಂಕ ಮುಂದಿತ್ತು. ಫ್ರೀ ಥ್ರೋಗಳು ಒಂದೊಂದಾಗಿ ತಪ್ಪಿದವು, ಕ್ಯಾನ್ಸಸ್‌ನ ಮಾರಿಯೊ ಚಾಲ್ಮರ್ಸ್ 2.1 ಸೆಕೆಂಡು ಉಳಿದಾಗ ಮೂರಂಕ ಎಸೆದು ಸಮ ಮಾಡಿದ, ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ 75-68ರಿಂದ ಗೆದ್ದಿತು. ಮೂರು ಅಂಕ ಮುಂದಿದ್ದು ಕೆಲವೇ ಸೆಕೆಂಡು ಉಳಿದಾಗ ಮುಂದಿದ್ದವರೇ ಫೌಲ್ ಮಾಡಿ, ಮೂರಂಕದ ಎಸೆತಕ್ಕೆ ಅವಕಾಶವನ್ನೇ ಕೊಡಬಾರದು ಎಂಬುದು ನನ್ನ ಪಕ್ಷ. ಕೋಚ್‌ಗಳು ಇದರ ಬಗ್ಗೆ ಇನ್ನೂ ಜಗಳವಾಡುತ್ತಾರೆ.

ಇವೆಲ್ಲವೂ ಜೇಮ್ಸ್ ಅವರ ಲೆಕ್ಕದ ಒಳಗೇ ನಡೆದ ಸಂಗತಿಗಳು. ಪುರುಷರ ಟೂರ್ನಿಯಲ್ಲಿ ಹಿಂದಿನಿಂದ ಬಂದು ಗೆದ್ದದ್ದರಲ್ಲಿ ಅತಿ ದೊಡ್ಡದಾದ, 2012ರಲ್ಲಿ ಬ್ರಿಗಂ ಯಂಗ್ ವಿಶ್ವವಿದ್ಯಾಲಯ 25 ಅಂಕ ಹಿಂದಿದ್ದು ಅಯೋನಾವನ್ನು ಸೋಲಿಸಿದ ಪಂದ್ಯವೂ ಅಷ್ಟೇ. ಆ 25ರ ಅಂತರ ಪ್ರಥಮಾರ್ಧದ್ದು. 2018ರಲ್ಲಿ ನೆವಾಡಾ 22 ಅಂಕ ಹಿಂದಿದ್ದಾಗಲೂ ಹತ್ತು ನಿಮಿಷಕ್ಕೂ ಹೆಚ್ಚು ಉಳಿದಿತ್ತು. ಲೆಕ್ಕವನ್ನೇ ಮುರಿದದ್ದು ನಾನು ಕಂಡಂತೆ ಒಂದು.

2016ರ ಮಾರ್ಚ್ 20, ಒಕ್ಲಹೋಮ ಸಿಟಿ. ಅಯೋವಾ ರಾಜ್ಯದ ಸಣ್ಣ ವಿಶ್ವವಿದ್ಯಾಲಯ ನಾರ್ದರ್ನ್ ಅಯೋವಾ, ಎದುರಿಗೆ ಬಲಾಢ್ಯ ಟೆಕ್ಸಸ್ ಎ ಅಂಡ್ ಎಂ. ಎರಡು ದಿನಗಳ ಹಿಂದೆ ಇದೇ ಅಂಗಣದಲ್ಲಿ ನಾರ್ದರ್ನ್ ಅಯೋವಾದ ಹುಡುಗನೊಬ್ಬ ಅಂಗಣದ ಮಧ್ಯದಿಂದ ಎಸೆದ ಕೊನೆಯ ಕ್ಷಣದ ಚೆಂಡು ಬುಟ್ಟಿಗೆ ಬಿದ್ದು ಟೆಕ್ಸಸ್ ವಿಶ್ವವಿದ್ಯಾಲಯದ ತಂಡ (ಎ ಅಂಡ್ ಎಂ ಅಲ್ಲ, ಅದು ಬೇರೆ) ಮನೆಗೆ ಹೋಗಿತ್ತು. ಅದೃಷ್ಟ ಇವರ ಕಡೆಗಿದೆ ಎಂದೇ ಎಲ್ಲರೂ ತಿಳಿದಿದ್ದರು. 44 ಸೆಕೆಂಡು ಉಳಿದಿದ್ದಾಗ 69-57. ಹನ್ನೆರಡರಲ್ಲಿ ಮೂರು ಹೋಗಿ ಒಂಬತ್ತು. ಚೆಂಡು ಎದುರಾಳಿಯದೆಂದೇ ಇಟ್ಟುಕೊಂಡರೂ ಎಂಟೂವರೆಯ ವರ್ಗ 72. ಭದ್ರ, ಸಂಪೂರ್ಣ ಭದ್ರ. ಇಲ್ಲಿ ಮಲಗಲು ಹೋದವರನ್ನು ಯಾವ ಗಣಿತಜ್ಞನೂ ತಪ್ಪೆನ್ನುವಂತಿಲ್ಲ.

ನಾರ್ದರ್ನ್ ಅಯೋವಾದವರಿಗೆ ಇದ್ದ ಕೆಲಸ ಒಂದೇ, ಗೆರೆಯಾಚೆಯಿಂದ ಚೆಂಡು ಒಳಗೆಸೆದು ಹಿಡಿದುಕೊಳ್ಳುವುದು. ಅದು ಆಗಲಿಲ್ಲ. ಎಸೆದದ್ದು ಕಳೆಯಿತು, ಮತ್ತೆ ಎಸೆದದ್ದೂ ಕಳೆಯಿತು. ಮೂಲೆಯಲ್ಲಿ ಸಿಕ್ಕಿಬಿದ್ದ ಇವರ ಹುಡುಗನೊಬ್ಬ ಎದುರಾಳಿಯ ಕಾಲಿಗೆ ತಾಗಿಸಿ ಚೆಂಡನ್ನು ಹೊರಗೆ ಕಳಿಸಲು ನೋಡಿದ. ಅದು ಒಳಗೇ ಉಳಿದು ಎದುರಾಳಿಯ ಕೈ ಸೇರಿತು. ನಡುವೆ ಒಂದು ಸಲ ಇವರೂ ಎರಡು ಅಂಕ ಗಳಿಸಿದರು ಎಂಬುದೇ ಈ ಕಥೆಯ ಕ್ರೂರ ಭಾಗ. ಎರಡು ಸೆಕೆಂಡಿಗೂ ಕಡಿಮೆ ಉಳಿದಿದ್ದಾಗ ಅಡ್ಮನ್ ಗಿಲ್ಡರ್ ಚೆಂಡು ಕಸಿದು ಬುಟ್ಟಿಗೆ ಹಾಕಿದ, 71-71. ಎರಡು ಹೆಚ್ಚುವರಿ ಅವಧಿಗಳ ಬಳಿಕ ಎ ಅಂಡ್ ಎಂ 92-88ರಿಂದ ಗೆದ್ದಿತು. ಕೊನೆಯ ನಿಮಿಷದಲ್ಲಿ ಅಷ್ಟು ದೊಡ್ಡ ಅಂತರ ಅಳಿಸಿದ ತಂಡ ಅಲ್ಲಿಯ ಪ್ರಥಮ ದರ್ಜೆಯ ಕಾಲೇಜು ಆಟದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಅಂದು ಎ ಅಂಡ್ ಎಂ ಪರ 25 ಅಂಕ ಗಳಿಸಿದ ಅಲೆಕ್ಸ್ ಕರೂಸೊ ಮುಂದೆ ಅದೇ ಒಕ್ಲಹೋಮ ಸಿಟಿಯ ವೃತ್ತಿಪರ ತಂಡಕ್ಕೆ ಆಡಿ 2025ರಲ್ಲಿ ಎನ್‌ಬಿಎ ಪ್ರಶಸ್ತಿ ಗೆದ್ದ. ನಾರ್ದರ್ನ್ ಅಯೋವಾದ ಹಿರಿಯ ಹುಡುಗರಿಗೆ ಅದು ಕಾಲೇಜಿನ ಕೊನೆಯ ಪಂದ್ಯ. 68 ತಂಡಗಳ ಟೂರ್ನಿ, ಒಂದು ಸಲ ಸೋತರೆ ಹೊರಗೆ. ನಾಲ್ಕು ವರ್ಷದ ವಿದ್ಯಾರ್ಥಿ ಜೀವನ ಆ 44 ಸೆಕೆಂಡುಗಳಲ್ಲಿ ಮುಗಿದುಹೋಯಿತು. ವೃತ್ತಿಪರ ಲೀಗಿನಲ್ಲಾದರೆ ನಾಳೆಯೋ ನಾಡಿದ್ದೋ ಇನ್ನೊಂದು ಪಂದ್ಯವಿರುತ್ತದೆ.

ಮೊದಲೇ ಮಾತಾಡಿಕೊಂಡದ್ದೇ ಎಂಬ ಅನುಮಾನ ಈ ಆಟಕ್ಕೆ ಹೊಸದಲ್ಲ. 1950ರಲ್ಲಿ ಎರಡೆರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದ ನ್ಯೂಯಾರ್ಕಿನ ಸಿಟಿ ಕಾಲೇಜಿನ ಆಟಗಾರರು ಜೂಜುಕೋರರಿಂದ ಹಣ ಪಡೆದಿದ್ದು ಮರುವರ್ಷ ಬಯಲಾಯಿತು. ಆದರೆ ಅಲ್ಲಿಯ ಮೋಸ ಗೆಲುವಿನ ಅಂತರವನ್ನು ಸದ್ದಿಲ್ಲದೆ ತಗ್ಗಿಸುವುದಾಗಿತ್ತು. ಮೋಸಕ್ಕೆ ಇಳಿದವನು ಯಾರ ಕಣ್ಣಿಗೂ ಬೀಳದ ಹೊತ್ತು ಹುಡುಕುತ್ತಾನೆ. ಇಡೀ ದೇಶ ಕಣ್ಣು ನೆಟ್ಟಿರುವ ಕೊನೆಯ ಅರ್ಧ ನಿಮಿಷವನ್ನಲ್ಲ. ನೀವು ಮಲಗಿದ್ದಾಗ ನಡೆದದ್ದರಲ್ಲಿ ಅಂಥದ್ದೇನೂ ಇಲ್ಲ.

ಎರಡು ದಿನಗಳ ನಂತರದ ಫೈನಲ್ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಆ ಮನೆಯಲ್ಲಿ ಅದರ ಸುದ್ದಿ ಎತ್ತುವಂತಿಲ್ಲವೇನೋ ಎಂದುಕೊಂಡೆ. ಏಪ್ರಿಲ್ 7ರಂದು ಹೂಸ್ಟನ್ ಫ್ಲಾರಿಡಾದ ವಿರುದ್ಧ ದ್ವಿತೀಯಾರ್ಧದಲ್ಲಿ 12 ಅಂಕ ಮುಂದಿತ್ತು, 65-63ರಿಂದ ಸೋತಿತು. ಕೊನೆಯ ಸರದಿಯಲ್ಲಿ ಅದೇ ಶಾರ್ಪ್ ಮೂರಂಕಕ್ಕೆಂದು ಎಗರಿದ. ಫ್ಲಾರಿಡಾದ ವಾಲ್ಟರ್ ಕ್ಲೇಟನ್ ಅಡ್ಡ ಬಂದದ್ದು ಕಂಡು ಗಾಳಿಯಲ್ಲೇ ಮನಸ್ಸು ಬದಲಿಸಿ ಚೆಂಡನ್ನು ಕೈಬಿಟ್ಟ. ಕೆಳಗಿಳಿದು ತಾನೇ ಮುಟ್ಟಿದರೆ ಟ್ರಾವೆಲಿಂಗ್ ಎಂಬ ತಪ್ಪಾಗಿ ಚೆಂಡು ಎದುರಾಳಿಯದಾಗುತ್ತದೆ. ಚೆಂಡು ನೆಲದ ಮೇಲೆ ಪುಟಿಯುತ್ತಿತ್ತು, ಅವನು ಪಕ್ಕದಲ್ಲೇ ನಿಂತು ನೋಡಬೇಕಾಯಿತು, ಎದುರಾಳಿಗಳು ಅದರ ಮೇಲೆ ಬಿದ್ದರು. ಎರಡು ರಾತ್ರಿ ಹಿಂದೆ ಡ್ಯೂಕ್‌ನ ಹುಡುಗರು ಕೂತಿದ್ದಂತೆಯೇ ಅಂದು ಶಾರ್ಪ್ ಕುಕ್ಕರಿಸಿದ್ದ. ಆ ರಾತ್ರಿ ನಿಮ್ಮ ಮನೆಯಲ್ಲಿ ಅನ್ನ ಉಳಿದಿದ್ದರೆ ಕಾರಣ ಅದೇ.

ಮಲಗುವ ವಿಷಯ. ಹೂಸ್ಟನ್‌ಗೆ ಮತ್ತೆ ಹೋದಾಗ ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ. ವರ್ಗ ಸೆಕೆಂಡುಗಳನ್ನು ದಾಟಿದ ಮೇಲೆ ಏಳಿ. ಮೈಸೂರಿನಲ್ಲೇ ಇದ್ದರೆ ಅಷ್ಟು ತೊಂದರೆಯೂ ಇಲ್ಲ. ಅವರ ಫೈನಲ್ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಆರು ದಾಟಿರುತ್ತದೆ, ಡಿಕಾಕ್ಷನ್ ಇಳಿಯುತ್ತಿರುತ್ತದೆ.